ಶುಗರ್ ಮತ್ತು ಯಾರೂ ಕೇಳದ ಪ್ರಶ್ನೆ

ನನಗೆ ಶುಗರ್ ಬಂದು ಹನ್ನೊಂದು ವರ್ಷ. ಕಣ್ಣು, ಕಿಡ್ನಿ, ಪಾದ ಎಲ್ಲದರ ಬಗ್ಗೆ ಡಾಕ್ಟರು ಕೇಳ್ತಾರೆ; ಹಾಸಿಗೆ ವಿಷಯ ಮಾತ್ರ ಕೇಳಲ್ಲ. ಕೊನೆಗೆ ನಾನೇ ಬಾಯಿಬಿಟ್ಟೆ. ಅವರು ನಗಲಿಲ್ಲ! ಸಕ್ಕರೆ ಏರಿದ್ದರೆ ನರ, ರಕ್ತನಾಳ ಎರಡೂ ಹಾಳಾಗಿ ನಿಮಿರುವಿಕೆ ಕುಗ್ಗುತ್ತೆ, ಅದು ಹೃದಯದ ತೊಂದರೆಯ ಮುನ್ಸೂಚನೆಯೂ ಆಗಿರಬಹುದು ಅಂದರು. ಹೆಂಗಸರಿಗೂ ಒಣಗುವಿಕೆ, ಸೋಂಕು ಕಾಡುತ್ತವಂತೆ.

1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸಿಲ್ಡೆನಾಫಿಲ್ ಮಾತ್ರೆ ಹಲವರಿಗೆ ಕೆಲಸ ಮಾಡುತ್ತೆ. ಆದರೆ ಎದೆನೋವಿಗೆ ನೈಟ್ರೇಟ್ ತಗೊಳ್ಳೋರು ಅದನ್ನು ಮುಟ್ಟಲೇಬಾರದು, ಬಿಪಿ ಒಮ್ಮೆಲೇ ಕುಸಿಯುತ್ತೆ. ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಗುಟ್ಟಾಗಿ ಕೊಳ್ಳೋದು ಬೇಡ.

ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೂ ಹೇಳಿದೆ. "ನಿಮಗೆ ನನ್ನ ಮೇಲೆ ಮನಸ್ಸೇ ಇಲ್ಲ ಅಂದ್ಕೊಂಡಿದ್ದೆ ರೀ" ಅಂದಳು. ಎರಡು ವರ್ಷ ಹಾಗೇ ಅಂದುಕೊಂಡಿದ್ದಳಂತೆ...

ನೀವೂ ಡಾಕ್ಟರನ್ನು ಕೇಳಿ ಸ್ನೇಹಿತರೇ, ಸಂಕೋಚ ಬೇಡ.