ಹೆಂಗಸರ ಕ್ರಿಸ್ಮಸ್

ಹಬ್ಬವು ಯಾವ ದೇಶದ್ದಾದರೂ ಅದರ ಅಂದವೆಲ್ಲವೂ ಮನೆಯ ಹೆಂಗಸರ ದುಡಿಮೆಯಿಂದಲೇ ಹುಟ್ಟುವದೆಂಬುದು ಪ್ರಿಯ ಸಹೋದರಿಯರಿಗೆ ತಿಳಿದ ಮಾತೇ. ಐರ್ಲೆಂಡಿನ ಹಳೆಯ ಆಚಾರಗಳನ್ನು ಓದುತ್ತಾ ಬಂದಂತೆ ಈ ಮಾತಿಗೆ ಅಲ್ಲಿಯೂ ಸಾಕ್ಷಿ ದೊರೆಯಿತು. ಒಂದು ಅಪವಾದವೂ ದೊರೆಯಿತು.

ಅಲ್ಲಿಯ ಹಳ್ಳಿಗರಿಗೆ ವಸಂತವು ಫೆಬ್ರವರಿ 1ರಂದು, ಸಂತ ಬ್ರಿಜಿಡಳ ದಿನದಲ್ಲಿ ಆರಂಭವಾಗುತ್ತಿತ್ತು. ಹಿಂದಿನ ರಾತ್ರಿ ಜೊಂಡಿನಿಂದ ಶಿಲುಬೆಯನ್ನು ಹೆಣೆದು ಬಾಗಿಲ ಮೇಲೆ ಸಿಕ್ಕಿಸುತ್ತಿದ್ದರು. ಅದು ಮನೆಯನ್ನು ಬೆಂಕಿಯಿಂದ ಕಾಯುವದೆಂದು ಹಿರಿಯರ ನಂಬಿಕೆ. ಬಟ್ಟೆಯ ತುಂಡೊಂದನ್ನು ಹೊರಗಿಟ್ಟು, ಹಾದುಹೋಗುವ ಸಂತಳು ಅದನ್ನು ಹರಸುವಳೆಂದೆಣಿಸಿ, ತಲೆನೋವಿನ ಔಷಧವಾಗಿ ಕಾದಿಡುತ್ತಿದ್ದರು. 2023ರಿಂದ ಈ ಹಬ್ಬಕ್ಕೆ ಅಲ್ಲಿ ಸರಕಾರದ ರಜೆಯೂ ಇರುವದು. ಜೂನ್ 23ರ ರಾತ್ರಿ, ಸ್ನಾನಿಕ ಯೋಹಾನನ ಹಬ್ಬದ ಮುನ್ನಾದಿನ, ಊರೂರಲ್ಲಿ ಬೆಂಕಿ ಹೊತ್ತಿಸುತ್ತಿದ್ದರು. ಅಕ್ಟೋಬರ್ 31ರಂದು ಒಣದ್ರಾಕ್ಷಿಯ ರೊಟ್ಟಿಯೊಳಗೆ ಉಂಗುರವನ್ನಿಡುವರು. ಅದು ಯಾರ ಪಾಲಿಗೆ ಬರುವದೋ ಅವರಿಗೆ ಬೇಗನೆ ವಿವಾಹ! ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಕಿಟಕಿಯಲ್ಲಿ ಮೇಣದ ಬತ್ತಿ ಉರಿಯುವದು. ಛತ್ರದಲ್ಲಿ ಸ್ಥಳ ಸಿಕ್ಕದ ಮರಿಯಳಿಗೂ ಯೋಸೇಫನಿಗೂ ಈ ಮನೆಯಲ್ಲಿ ಸ್ಥಳವುಂಟೆಂದು ಅದರ ಅರ್ಥ.

ಇನ್ನು ಆ ಅಪವಾದ. ಜನವರಿ 6ನೆಯ ದಿನಕ್ಕೆ ಅಲ್ಲಿ ‘ಹೆಂಗಸರ ಕ್ರಿಸ್ಮಸ್’ ಎಂದು ಹೆಸರು. ವಿಶೇಷವಾಗಿ ಕಾರ್ಕ್, ಕೆರಿ ಸೀಮೆಗಳಲ್ಲಿ ಆ ದಿನ ಗಂಡಸರೇ ಒಲೆ ಹೊತ್ತಿಸಿ, ಪಾತ್ರೆ ತೊಳೆದು, ಮಕ್ಕಳನ್ನು ನೋಡಿಕೊಳ್ಳುವದು ವಾಡಿಕೆ. ಹೆಂಗಸರು ಒಬ್ಬರೊಬ್ಬರ ಮನೆಗೆ ಹೋಗಿ, ಚಹಾ ಕುಡಿದು, ಮನಸಾರೆ ಮಾತಾಡಿ ಬರುವರು. ಇದನ್ನೋದಿದಾಗ ನನಗೆ ನಮ್ಮ ತಾಯಿಯವರ ನೆನಪಾಯಿತು. ಅವರು ಪ್ರತಿ ಕ್ರಿಸ್ಮಸ್ಸಿನಲ್ಲಿಯೂ ಎಲ್ಲರಿಗೂ ಬಡಿಸಿ, ಆರಿದ ಅನ್ನವನ್ನು ಕಡೆಗೆ ಒಬ್ಬರೇ ಉಣ್ಣುತ್ತಿದ್ದರು. ಅವರಿಗೆ ಅಂಥ ಒಂದು ದಿನವೂ ಒದಗಲಿಲ್ಲ.

ಈ ಆಚಾರಗಳು ಉಳಿದು ಬಂದ ಬಗೆಯನ್ನೂ ಹೇಳಬೇಕು. 1935ರಲ್ಲಿ ಸ್ಥಾಪಿತವಾದ ಐರಿಷ್ ಜಾನಪದ ಆಯೋಗವು 1937ರಿಂದ 1939ರ ವರೆಗೆ ಶಾಲಾಮಕ್ಕಳಿಗೆ ಈ ಕೆಲಸವನ್ನು ವಹಿಸಿತು. ಸುಮಾರು 5,000 ಶಾಲೆಗಳ 50,000ದಷ್ಟು ಮಕ್ಕಳು ಅಜ್ಜಿತಾತಂದಿರನ್ನೂ ನೆರೆಹೊರೆಯವರನ್ನೂ ಕೇಳಿ, ತಮ್ಮ ಪುಸ್ತಕಗಳಲ್ಲಿ ಬರೆದರು. ಈಗ ಅವನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಓದಬಹುದು. ವಿದ್ವಾಂಸರಿಗೆ ಬಾಯಿಬಿಡದ ಎಷ್ಟೋ ಅಜ್ಜಿಯರು ಮೊಮ್ಮಗಳಿಗೆ ಹೇಳಿರಬೇಕು!

ತಾಯಿತಂದೆಗಳೇ, ನಿಮ್ಮ ಹೆಣ್ಣುಮಕ್ಕಳ ಕೈಯಲ್ಲಿಯೂ ಬರೆಯುವ ಪುಸ್ತಕವಿದೆ. ಅಜ್ಜಿಯ ಬಳಿ ಅವರನ್ನು ಕೂಡ್ರಿಸಿರಿ. ಅಜ್ಜಿಯು ಹೇಳಿ ಮುಗಿಸುವ ತನಕ ಒಲೆಯ ಕೆಲಸವನ್ನು ಮನೆಯ ಗಂಡಸರು ನೋಡಿಕೊಳ್ಳಲಿ.