ಅರಗಿನ ಮುದ್ರೆ

30 ವರ್ಷಕ್ಕೂ ಮೇಲ್ಪಟ್ಟು ಮೇಷ್ಟರಾಗಿದ್ದವನು ನಾನು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳೇ ನನ್ನ ಪ್ರಪಂಚ. ಒಂದೆಡೆ ಬತ್ತದ ಬಯಲು, ಒಂದೆಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳು, ಇನ್ನೊಂದೆಡೆ ಕಾಡಿನ ಅಂಚು. ವರ್ಗವಾದಾಗಲೆಲ್ಲ ಪಾತ್ರೆಪಗಡ ಕಟ್ಟಿಕೊಂಡು ಇವುಗಳಲ್ಲೇ ಸುತ್ತಿದೆ. ಕಂಪ್ಯೂಟರಿಗೂ ನನಗೂ ಇರುವ ನಂಟು ನೀರಿಗೂ ತಾವರೆಯ ಎಲೆಗೂ ಇರುವಷ್ಟೇ. ಇಂಥವನು ಅದರ ವಿಷಯ ಬರೆಯಹೊರಟದ್ದಕ್ಕೆ ನನ್ನ ಮಗಳೇ ಹೊಣೆ.

ಮಗಳಿಗೆ ಬೆಂಗಳೂರಿನಲ್ಲಿ ಉದ್ಯೋಗ. ಯಂತ್ರವನ್ನು ಮಾಡುವುದಲ್ಲ, ಅದು ಹೇಗೆ ನಡೆಯುತ್ತದೆಂದು ಬರೆದಿಡುವುದು. “ಅದೂ ಒಂದು ಕೆಲಸವೇ?” ಎಂದು ಕೇಳಿ ಒಮ್ಮೆ ಅವಳ ಮುನಿಸಿಗೆ ಗುರಿಯಾಗಿದ್ದೆ. ಯುಗಾದಿಗೆ ಬಂದವಳು ಹಬ್ಬದ ಮರುದಿನವೂ ಕಾಗದ ಹರಡಿಕೊಂಡು ಕುಳಿತಿದ್ದಳು. ಏನಮ್ಮ ಅದು ಎಂದೆ. “ಅಪ್ಪ, ನಿಮಗೆ ತಿಳಿಯುವಂತೆ ಹೇಳಲಾರದಿದ್ದರೆ ಇದನ್ನು ಬರೆಯುವ ಯೋಗ್ಯತೆ ನನಗಿಲ್ಲವೆಂದೇ ಅರ್ಥ” ಎಂದು ಪ್ರಾರಂಭಿಸಿದಳು.

ಮೇನ್‌ಫ್ರೇಮ್ ಎಂದರೆ ಬ್ಯಾಂಕು, ವಿಮೆಯಂಥ ದೊಡ್ಡ ವ್ಯವಹಾರಗಳ ಭಾರ ಹೊರುವ ಕಂಪ್ಯೂಟರ್. ಅವಳು ಬರೆಯುತ್ತಿದ್ದ ಯಂತ್ರ 1964ರಲ್ಲಿ ಐಬಿಎಂ ಕಂಪನಿ ಪ್ರಕಟಿಸಿದ ಸಿಸ್ಟಂ 360ರ ವಂಶದ್ದು. ಅದೊಂದು ವಠಾರವಿದ್ದಂತೆ. ಒಂದೇ ಯಂತ್ರದೊಳಗೆ ಹಲವಾರು ಬಾಡಿಗೆಯ ಯಂತ್ರಗಳು ಸಂಸಾರ ಹೂಡಿರುತ್ತವೆ. ಅವಕ್ಕೆ ವರ್ಚುಯಲ್ ಮೆಷಿನ್ ಎಂದು ಹೆಸರು. ಯಾರಿಗೆಷ್ಟು ಜಾಗ ಎಂದು ಹಂಚುವ ವಠಾರದ ಯಜಮಾನ ಹೈಪರ್‌ವೈಸರ್. ಹಂಚುವವನಾದ್ದರಿಂದ ಯಾರ ಮನೆಯೊಳಕ್ಕಾದರೂ ಇಣುಕಬಲ್ಲ. “ಇಣುಕುತ್ತಾನೆ ಎಂದಲ್ಲಪ್ಪ, ಇಣುಕಬಲ್ಲ. ತೊಂದರೆ ಇರುವುದೇ ಅಲ್ಲಿ” ಎಂದಳು.

ಆ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಕಾರಣ ಹಳೆಯದು.

ಆಗ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಗಳ ಕಟ್ಟು ತಾಲ್ಲೂಕಿನ ಖಜಾನೆಯಲ್ಲಿರುತ್ತಿತ್ತು. ಕೋಣೆಗೆ ಎರಡು ಬೀಗ. ಎರಡು ಕೀಲಿಗಳು ಇಬ್ಬರ ಕೈಯಲ್ಲಿ. ಪರೀಕ್ಷೆಯ ಬೆಳಗ್ಗೆ ಕಟ್ಟನ್ನು ಪಡೆದು ಜೀಪಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೇಂದ್ರಕ್ಕೆ ಮುಟ್ಟಿಸುವುದು ನನ್ನ ಪಾಲಿಗೆ ಬಂದಿತ್ತು. ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವುದೆಂದು ಹೇಳುವುದು ಬೇಡ. ಒಂದು ವರ್ಷ ಗಣಿತದ ಪತ್ರಿಕೆ ಬಯಲಾಗಿದೆಯೆಂದು ಗುಲ್ಲೆದ್ದಿತು. ಕಟ್ಟಿನ ಒಂದು ಮೂಲೆಯಲ್ಲಿ ಅರಗು ಸೀಳಿತ್ತು. ದಾರಿಯ ಕುಲುಕಾಟಕ್ಕೆ ಸೀಳಿರಬೇಕು. “ನೀವು ತೆಗೆಯಲಿಲ್ಲ ಎನ್ನುವುದಕ್ಕೆ ಏನು ಸಾಕ್ಷಿ?” ಎಂದು ಕೇಳಿದರು. ಏನಿದೆ ಸಾಕ್ಷಿ? ಜೀಪಿನಲ್ಲಿದ್ದವರು ನಾನು, ಡ್ರೈವರು, ಆ ಕಟ್ಟು. ಕೊನೆಗೆ ಗುಲ್ಲು ಸುಳ್ಳೆಂದಾಯಿತು. ವಿಚಾರಣೆ ಮುಗಿಯಿತು, ಸಂಶಯ ಮುಗಿಯಲಿಲ್ಲ. ಹೋಟೆಲಿಗೆ ಹೋದರೆ ಮಾತು ನಿಲ್ಲುತ್ತಿತ್ತು. ನನ್ನಾಕೆ ದೇವಸ್ಥಾನಕ್ಕೆ ಹೋಗುವುದನ್ನೂ ಕೆಲವು ತಿಂಗಳು ಬಿಟ್ಟಳು. ನಾನು ಕಟ್ಟನ್ನು ತೆಗೆದಿರಲಿಲ್ಲ. ಆದರೆ ತೆಗೆಯಬಲ್ಲವನಾಗಿದ್ದೆ, ಅದೇ ನನ್ನ ಅಪರಾಧ.

2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪತ್ರಿಕೆ ಎರಡು ಸಲ ಬಯಲಾಗಿ, ಮಕ್ಕಳು ಮತ್ತೆ ಮತ್ತೆ ಸಿದ್ಧರಾಗಬೇಕಾಯಿತಷ್ಟೆ. ಎಲ್ಲರಂತೆ ನಾನೂ ಆ ಮಕ್ಕಳಿಗಾಗಿ ಮರುಗಿದೆ. ಅವರ ಜೊತೆಗೇ, ಕಟ್ಟುಗಳನ್ನು ಪ್ರಾಮಾಣಿಕವಾಗಿ ಕಾಯ್ದ ಯಾರೋ ಹೆಸರಿಲ್ಲದ ಗುಮಾಸ್ತೆಯೂ ನನ್ನ ಕಣ್ಣ ಮುಂದೆ ಬಂದ.

ಮಗಳು ಮುಂದುವರಿಸಿದಳು. 2019ರಲ್ಲಿ ಬಂದ ಝಡ್15 ಎಂಬ ಮೇನ್‌ಫ್ರೇಮಿನಲ್ಲಿ 2020ರಿಂದ ‘ಸೆಕ್ಯೂರ್ ಎಕ್ಸಿಕ್ಯೂಷನ್’ ಎಂಬ ಏರ್ಪಾಡಿದೆ. ಬಾಡಿಗೆದಾರನು ತನ್ನ ಲಿನಕ್ಸ್ ವ್ಯವಸ್ಥೆಯ ತಿರುಳು, ಹೊರಡುವಾಗ ಬೇಕಾಗುವ ಕಡತಗಳ ಸಣ್ಣ ಗಂಟು, ಹೊರಡಿಸುವ ಆಜ್ಞೆಯ ಸಾಲು, ಈ ಮೂರನ್ನೂ ತನ್ನಲ್ಲೇ ಗೂಢಲಿಪಿಗೆ ತಿರುಗಿಸಿ ಒಂದು ಕಟ್ಟು ಮಾಡುತ್ತಾನೆ. ಕಟ್ಟಿನ ಕೀಲಿಯನ್ನು ಕಟ್ಟಿನ ತಲೆಯಲ್ಲೇ ಇಟ್ಟು, ಅದಕ್ಕೆ ಆ ಯಂತ್ರದ ಬೀಗ ಹಾಕುತ್ತಾನೆ. ಈ ಬೀಗವನ್ನು ಯಾರು ಬೇಕಾದರೂ ಒತ್ತಿ ಹಾಕಬಹುದು. ತೆಗೆಯುವ ಕೀಲಿ ಮಾತ್ರ ಯಂತ್ರದ ಒಡಲಲ್ಲಿದೆ. ಹೈಪರ್‌ವೈಸರ್ ಕಟ್ಟನ್ನು ಹೊತ್ತು ತಂದು ಸ್ಮೃತಿಯಲ್ಲಿ ಇಳಿಸುತ್ತದೆ, ಅಷ್ಟೆ. “ಜೀಪಿನಲ್ಲಿ ನೀವು ತಂದ ಹಾಗೆ” ಎಂದು ನಕ್ಕಳು. ಬಿಚ್ಚುವುದು ಅಲ್ಟ್ರಾವೈಸರ್ ಎಂಬ, ಯಂತ್ರದೊಳಗಿನ ಇನ್ನೊಂದು ಶಕ್ತಿ. ಒಂದಕ್ಷರ ತಿದ್ದಿದ್ದರೂ ಬಾಡಿಗೆಯ ಯಂತ್ರ ಹೊರಡುವುದೇ ಇಲ್ಲ. ಹೊರಟ ಮೇಲೆ ಅದರ ಸ್ಮೃತಿಯನ್ನು ಯಜಮಾನ ಓದಲಾರ. ಅದರ ಪುಟವೊಂದನ್ನು ಹೊರಗೆ ಸಾಗಿಸಬೇಕಾದರೆ ಅದು ಗೂಢಲಿಪಿಯಾಗಿಯೇ ಹೊರಬೀಳುತ್ತದೆ. ಡಿಸ್ಕಿನಲ್ಲಿಟ್ಟ ಲೆಕ್ಕಪತ್ರಗಳ ಕೀಲಿಯನ್ನೂ ಆ ಕಟ್ಟಿನೊಳಗೇ ಇಟ್ಟು ಕಳಿಸಬಹುದು. ಯಜಮಾನ ಬಾಡಿಗೆದಾರನನ್ನು ಹೊರಗೆ ಹಾಕಬಲ್ಲ, ಇಣುಕಿ ನೋಡಲಾರ.

“ಇಷ್ಟನ್ನೂ ಬರೆದು ಪ್ರಕಟಿಸಿದರೆ ಕಳ್ಳನಿಗೇ ಪಾಠ ಹೇಳಿದಂತಾಗಲಿಲ್ಲವೇ?” ಎಂದು ಕೇಳಿದೆ. ಗುಟ್ಟಾಗಿರಬೇಕಾದದ್ದು ಕೀಲಿಯೇ ಹೊರತು ಬೀಗದ ರೀತಿಯಲ್ಲ ಎಂಬುದನ್ನು ಕೆರ್ಕ್‌ಹಾಫ್ಸ್ ಎಂಬುವನು 1883ರಲ್ಲೇ ಬರೆದನಂತೆ. ಬರೆಯದಿದ್ದರೇ ಅಪಾಯ ಹೆಚ್ಚು. ತನ್ನ ಕೈಗೆ ಬಂದ ಬೀಗ ನಿಜವಾಗಿ ಆ ಯಂತ್ರದ್ದೇ ಎಂದು ಬಾಡಿಗೆದಾರ ಮೊದಲು ಸಹಿಯನ್ನು ಪರೀಕ್ಷಿಸಿ ನೋಡಬೇಕು. ಆ ಒಂದು ಮೆಟ್ಟಿಲು ಬರಹದಲ್ಲಿ ಬಿಟ್ಟುಹೋದರೆ ಅವನು ಕಳ್ಳನ ಬೀಗವನ್ನೇ ಭದ್ರವಾಗಿ ಒತ್ತಿ ಕಳಿಸಿಯಾನು. ಅದೂ ಒಂದು ಕೆಲಸವೇ ಎಂದು ಕೇಳಿದ್ದಕ್ಕೆ ನನಗೆ ಅಂದು ನಾಚಿಕೆಯಾಯಿತು.

ಅವಳ ಬರಹದ ಮೊದಲ ಪುಟವನ್ನು ಓದಿಸಿ ಕೇಳಿದೆ. ಈ ಏರ್ಪಾಡು ಬಾಡಿಗೆದಾರನ ಗುಟ್ಟನ್ನು ಯಂತ್ರ ನೋಡಿಕೊಳ್ಳುವವರಿಂದ ಕಾಪಾಡುತ್ತದೆ ಎಂದಿತ್ತು. “ಇನ್ನೊಂದು ವಾಕ್ಯ ಸೇರಿಸಮ್ಮ. ನೋಡಿಕೊಳ್ಳುವವರನ್ನೂ ಕಾಪಾಡುತ್ತದೆ ಎಂದು ಬರೆ. ಅವರಿಗೂ ಹೆಂಡತಿ ಮಕ್ಕಳಿರುತ್ತಾರೆ, ಊರಿರುತ್ತದೆ” ಎಂದೆ.

ಮಗಳು ನನ್ನ ಮುಖವನ್ನೇ ನೋಡಿದಳು. ಜೀಪಿನ ಕಥೆ ಗೊತ್ತಿತ್ತೇ ಹೊರತು ಅದರ ಮುಂದಿನದನ್ನು ಅವಳಿಗೆ ನಾವು ಹೇಳಿರಲಿಲ್ಲ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ಅಷ್ಟು ಹೊತ್ತೂ ನಿಂತಿತ್ತು. ಆ ವಾಕ್ಯವನ್ನು ಅವಳು ಸೇರಿಸಿದಳೋ ಇಲ್ಲವೋ ನಾನು ಕೇಳಿಲ್ಲ.