ಧೂಳು ಮೆತ್ತಿದ ಪಾದಗಳು

ರೋಮಿನಲ್ಲಿ ಓದುತ್ತಿದ್ದಾಗ ಶನಿವಾರ ನಮಗೆ ಬಿಡುವು. ಗೆಳೆಯರೆಲ್ಲ ಸೇರಿ, ತೂಕದ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಪಿಜ್ಜಾ ಕೊಂಡು, ನವೋನಾ ಚೌಕದ ಕಲ್ಲುಬೆಂಚಿನ ಮೇಲೆ ಹಂಚಿಕೊಂಡು ತಿನ್ನುತ್ತಿದ್ದೆವು. ಊರಿನ ಮುದ್ದೆ-ಸಾರಿಗೆ ಅದು ಸಾಟಿಯಲ್ಲ. ಆದರೂ ಹೊಟ್ಟೆ ತುಂಬುತ್ತಿತ್ತು.

ಹತ್ತಿರದಲ್ಲೇ ಸಂತ ಅಗಸ್ಟೀನರ ದೇವಾಲಯ. ಒಳಗೆ ಹೋಗಲು ಟಿಕೆಟ್ ಬೇಕಿಲ್ಲ. ಅಲ್ಲಿ ಕಾರವಾಜ್ಜೊ ಎಂಬ ಕಲಾವಿದ ಸುಮಾರು 1604-06ರಲ್ಲಿ ಬರೆದ ಚಿತ್ರವಿದೆ. ಮಾತೆ ಮರಿಯಮ್ಮನವರು ಬಾಲಯೇಸುವನ್ನು ಎತ್ತಿಕೊಂಡು ಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಎದುರಿಗೆ ಇಬ್ಬರು ಬಡ ಯಾತ್ರಿಕರು ಮೊಣಕಾಲೂರಿದ್ದಾರೆ. ಗಂಡಸಿನ ಕೊಳೆಯಾದ ಅಂಗಾಲು ನೇರವಾಗಿ ನಮ್ಮ ಕಣ್ಣಿಗೇ ಬೀಳುತ್ತದೆ. ಪೀಠದ ಮೇಲೆ ಇಂಥ ಪಾದಗಳನ್ನು ಕಂಡು ಅಂದಿನ ಜನ ಗದ್ದಲವೆಬ್ಬಿಸಿದರಂತೆ.

ನಮಗೆ ಮಾತ್ರ ಅವು ಪರಿಚಿತ ಪಾದಗಳು. ಹೊಸೂರು ಕಡೆಯಿಂದ ವೇಳಾಂಗಣಿಗೆ ನಡೆದು ಹೋಗುವ ನಮ್ಮವರ ಪಾದಗಳು. ಹೊಲದಲ್ಲಿ ದುಡಿದು ನಮ್ಮನ್ನು ಓದಿಸಿದ ಹೆತ್ತವರ ಪಾದಗಳು. ಅವುಗಳನ್ನು ನೋಡುತ್ತಾ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಪ್ರಿಯ ವಾಚಕರೇ, ಆ ಪಾದಗಳನ್ನು ಕಂಡು ಮಾತೆ ಬಾಗಿಲು ಹಾಕಿಕೊಳ್ಳಲಿಲ್ಲ. ಮಗುವನ್ನು ಅವರತ್ತ ಬಾಗಿಸಿ ತೋರಿಸಿದರು. ಕೆಲಸದಿಂದ ನೇರವಾಗಿ ಬಲಿಪೂಜೆಗೆ ಬಂದು ಬಾಗಿಲ ಬಳಿಯೇ ನಿಲ್ಲುವವರು ನಮ್ಮ ದೇವಾಲಯದಲ್ಲೂ ಇದ್ದಾರೆ. ಮುಂದಿನ ಭಾನುವಾರ ಅವರನ್ನು ಕೈಹಿಡಿದು ಮುಂದಿನ ಬೆಂಚಿಗೆ ಕರೆತರೋಣ.